ಇನ್ನೂ ಎರಡು ನಿಮಿಷ ಆಗಿಲ್ಲ

ಅರವತ್ತಮೂರನೇ ಇಸವಿಯ ಡಿಸೆಂಬರ್ ಹೊತ್ತಿಗೆ ನನ್ನ ಗಂಟಲು ನನ್ನದಾಗಿ ಉಳಿದಿರಲಿಲ್ಲ. ನಾನು ತರೀಕೆರೆಯಲ್ಲಿ ಕನ್ನಡ ಮೇಷ್ಟ್ರು. ಹಿಂದಿನ ವರ್ಷ ಚೀನಾ ಯುದ್ಧ ಶುರುವಾದಂದಿನಿಂದ ನನಗೆ ಪಾಠಕ್ಕಿಂತ ಮೈಕೇ ಹೆಚ್ಚಾಗಿತ್ತು. ಚಿನ್ನ ಕೊಡುವವರ ಸಭೆ, ರಕ್ತ ಕೊಡುವವರ ಸಭೆ, ಏನೂ ಇಲ್ಲದೆ ಬರೀ ಭಾಷಣ ಕೊಡುವವರ ಸಭೆ, ಎಲ್ಲಕ್ಕೂ “ಓಂಕಾರಮೂರ್ತಿಗಳನ್ನ ಕರೀರಿ, ಚೆನ್ನಾಗಿ ಮಾತಾಡ್ತಾರೆ” ಎನ್ನುವುದು ರೂಢಿಯಾಗಿಬಿಟ್ಟಿತ್ತು. ಬೆಳಿಗ್ಗೆ ಲಕ್ಕವಳ್ಳಿಯಲ್ಲಿ ಅಣೆಕಟ್ಟಿನ ನೌಕರರನ್ನು ಸ್ವಾಗತಿಸಿ, ಮಧ್ಯಾಹ್ನ ಕಡೂರಿನಲ್ಲಿ ವಂದಿಸಿ, ಸಂಜೆ ಅಜ್ಜಂಪುರದಲ್ಲಿ ಮತ್ತೆ ಸ್ವಾಗತಿಸಿದ ದಿನವೂ ಉಂಟು. ಒಂದೇ ಮಾತನ್ನು ಅಷ್ಟು ಸಲ ಆಡಿದ ಮೇಲೆ ಸ್ವಾಗತ ಭಾಷಣ ಸ್ವಗತ ಭಾಷಣವಾಗಿತ್ತು. ಕೇಳುವವರೂ ನನ್ನನ್ನು ನನ್ನ ಪಾಡಿಗೆ ಬಿಟ್ಟಿದ್ದರು.

ಇನ್ನೊಬ್ಬರ ಹಾಗೆ ಮಾತಾಡುವ ಚಟವೊಂದು ಮೈಸೂರಿನ ಬಿ.ಎ. ದಿನಗಳಿಂದ ನನಗೆ ಅಂಟಿಕೊಂಡಿತ್ತು. ಅಲ್ಲಿ ಹಾಸ್ಟೆಲಿನ ವಾರ್ಡನ್ನರ ದನಿಯಲ್ಲಿ ಕೂಗಿ ಹುಡುಗರು ದೀಪ ಆರಿಸುವ ಹಾಗೆ ಮಾಡುತ್ತಿದ್ದೆ. ಇಲ್ಲಿ ತಾಲ್ಲೂಕಿನ ಅಮಲ್ದಾರ್ ಸೋಮಶೇಖರಪ್ಪನವರ ದನಿ ನನ್ನ ಮೂಗಿನಲ್ಲಿ ಪಳಗಿತ್ತು. ಅವರು ಮೊದಲು ಎರಡು ಸಲ ಕೆಮ್ಮುತ್ತಿದ್ದರು. ಆಮೇಲೆ ಮಾತು ಮೂಗಿನ ದಾರಿ ಹಿಡಿದು ಹೊರಡುತ್ತಿತ್ತು: “ಅವಶ್ಯವಾಗಿ. ತಕ್ಕ ವ್ಯವಸ್ಥೆ ಮಾಡಲಾಗುವುದು.” ನಾನು ಮೇಷ್ಟ್ರುಗಳ ಕೋಣೆಯಲ್ಲಿ ಹಾಗೆ ಅಂದರೆ ಹೊರಗೆ ಬೀಡಿ ಸೇದುತ್ತಿದ್ದವರು ಬೀಡಿ ಆರಿಸಿ ಕೈಕಟ್ಟಿ ನಿಲ್ಲುತ್ತಿದ್ದರು. ನಾನು ಮಾಡಿದ ತಪ್ಪು ಆ ಕೆಮ್ಮಿನಿಂದಲೇ ಶುರುವಾಯಿತು.

ಡಿಸೆಂಬರ್ ಏಳರ ಧ್ವಜ ದಿನಕ್ಕೆ ನಮ್ಮೂರ ಸನ್ಮಾನ ಸಮಿತಿ ದೊಡ್ಡ ಸಭೆ ಇಟ್ಟುಕೊಂಡಿತ್ತು. ಸಮಿತಿಯ ಅಧ್ಯಕ್ಷರು ಜವಳಿ ಅಂಗಡಿಯ ತೀರ್ಥಪ್ಪನವರು. ಸೈನ್ಯದಿಂದ ಬಂದವರಿಗೆ ಶಾಲು ಹೊದಿಸುವುದು, ತೀರಿಕೊಂಡವರ ಮನೆಯವರನ್ನು ವೇದಿಕೆಗೆ ಕರೆಯುವುದು, ಎರಡು ನಿಮಿಷ ಮೌನ, ಅಮಲ್ದಾರರ ಭಾಷಣ, ಇಷ್ಟು ಕಾರ್ಯಕ್ರಮ. ತೀರಿಕೊಂಡವರ ಪಟ್ಟಿಯಲ್ಲಿ ಇದ್ದದ್ದು ಒಂದೇ ಹೆಸರು: ಸಣ್ಣಬೀರಪ್ಪ, ಇಪ್ಪತ್ತೆರಡು ವರ್ಷ, ಅಜ್ಜಂಪುರದ ಹತ್ತಿರದ ಹಳ್ಳಿಯವನು. ಅವನ ತಾಯಿಗೆ ಕರೆಯೋಲೆ ಮುಟ್ಟಿಸುವ ಕೆಲಸ ನನ್ನ ಹೆಗಲಿಗೆ ಬಿತ್ತು. ಜೊತೆಗೆ ಶಾಲೆಯ ಜವಾನ ಹೊನ್ನಯ್ಯ. ಗಡಿಯ ಜವಾನನ ಕಾಗದ ಹೊತ್ತು ಗಂಟೆ ಹೊಡೆಯುವ ಜವಾನ ಹೊರಟ.

ಅಜ್ಜಂಪುರದಲ್ಲಿ ಬಸ್ಸಿಳಿದು ಮೂರು ಮೈಲಿ ನಡೆಯಬೇಕು. ಬಿಸಿಲು. ಕಾಲು ನೋವು ಮರೆಯಲಿ ಅಂತ ಹೊನ್ನಯ್ಯ ದಾರಿಯುದ್ದಕ್ಕೂ ಪೀಡಿಸಿದ. “ಸಾ, ಅಮಲ್ದಾರ್ರು ಮಾಡಿ ಸಾ. ಇನ್ನೊಂದ್ಸಲ ಸಾ.” ನಾನು ಜಾಲಿ ಮರಕ್ಕೂ, ದಾರಿಗೆ ಅಡ್ಡ ಬಂದ ಎಮ್ಮೆಗೂ ತಕ್ಕ ವ್ಯವಸ್ಥೆ ಮಾಡಲಾಗುವುದು ಎಂದು ಆಶ್ವಾಸನೆ ಕೊಡುತ್ತ ಹೋದೆ. ಹಳ್ಳಿ ಮುಟ್ಟುವ ಹೊತ್ತಿಗೆ ನನ್ನ ಸ್ವಂತ ದನಿ ಎಲ್ಲಿಟ್ಟೆ ಎನ್ನುವುದೇ ಮರೆತಿತ್ತು.

ಅದು ಕಂಬಳಿ ನೇಯುವವರ ಹಳ್ಳಿ. ಹೆಂಗಸರು ಉಣ್ಣೆ ನೂಲುತ್ತಾರೆ, ಗಂಡಸರು ಮಗ್ಗಕ್ಕೆ ಕೂರುತ್ತಾರೆ. ಹುಣಸೆ ಬೀಜದ ಗಂಜಿ ಸವರಿದ ಕರಿ ನೂಲು ಬೀದಿಯುದ್ದಕ್ಕೂ ಬಿಗಿದು ಕಟ್ಟಿತ್ತು. ಹುತಾತ್ಮನ ಮನೆ ಯಾವುದು ಅಂತ ಕೇಳಿದೆ. ಯಾರಿಗೂ ತಿಳಿಯಲಿಲ್ಲ. ತಾಯಿಯ ಹೆಸರು ಹಿಡಿದು “ಈರಕ್ಕನ ಮನೆ” ಅಂದ ಮೇಲೆ ಒಬ್ಬ ಹುಡುಗಿ ಕೈ ತೋರಿಸಿದಳು.

ಈರಕ್ಕ ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಜಗಲಿಯ ಮೇಲೆ ನೂಲುತ್ತಿದ್ದಳು. ಪಕ್ಕದಲ್ಲಿ ಅವಳ ಮೈದುನ ತಿಮ್ಮರಾಯಪ್ಪ, ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟವನು. ನಾನು ಕರೆಯೋಲೆ ಓದಿದೆ. “ವೀರ ಮರಣ”, “ಚಿರ ಋಣ”, “ಮೌನ ಶ್ರದ್ಧಾಂಜಲಿ”, ಎಲ್ಲ ನಾನೇ ಬರೆದ ಮಾತುಗಳು. ಈರಕ್ಕ ಕದಿರು ನಿಲ್ಲಿಸದೆ ಕೇಳಿದಳು.

“ಹಂಗಾರೆ ನನ್ನ ಮಗ ಸತ್ತಿರೋದು ಖರೇನಾ ಸ್ವಾಮಿ?”

ಅದನ್ನು ಹೇಳಲು ನಾನು ಬಂದಿರಲಿಲ್ಲ. “ಕಾಗದ ಬಂದಿದೆಯಲ್ಲಮ್ಮ” ಅಂದೆ.

“ಕಾಗ್ಜ ಎಲ್ಡು ಬಂದವೆ” ಅಂದ ತಿಮ್ಮರಾಯಪ್ಪ. “ಮೊದ್ಲು ಹೋದೊರ್ಷ ಬಂದಿದ್ದು, ಕಾಣ್ತಿಲ್ಲ ಅಂತ. ಈಗ ದೀಪಾವಳಿ ಕಳುದ್ಮೇಲೆ ಬಂದಿದ್ದು, ಸತ್ತವ್ನೆ ಅಂತ ತಿಳ್ಕಂಡಿದೀವಿ ಅಂತ. ತಿಳ್ಕಂಡಿದೀವಿ ಅಂದ್ರೆ ಏನ್ ಮೇಷ್ಟ್ರೇ? ನೀವು ಓದ್ದೋರು, ಹೇಳಿ. ಹೆಣ ಇಲ್ಲ, ಬೂದಿ ಇಲ್ಲ. ಅದ್ಕೇ ಊರ ಯಜಮಾನ್ರು ಅಳಬ್ಯಾಡ್ರಿ ಅಂದವ್ರೆ. ಬದುಕಿರೋನ್ನ ಕೂತು ಅತ್ರೆ ಅವ್ನ ಆಯುಸ್ಸನ್ನ ನಾವೇ ಕಿತ್ಕಂಡಂಗೆ.”

ಅಳುವುದೆಂದರೆ ಕಣ್ಣೀರು ಸುರಿಸುವುದಲ್ಲ ಎನ್ನುವುದು ಆ ಸೀಮೆಯಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು. ಸತ್ತವನ ಸುತ್ತ ಹೆಂಗಸರು ಕೂರಬೇಕು. ಒಬ್ಬಳು ಎತ್ತಬೇಕು, ಮಿಕ್ಕವರು ಹಿಡಿಯಬೇಕು. ಹುಟ್ಟಿದ್ದು, ಬಿದ್ದದ್ದು, ಕದ್ದದ್ದು, ಒಳ್ಳೆಯದು, ಕೆಟ್ಟದ್ದು, ಅವನ ಬದುಕನ್ನೆಲ್ಲ ಹಾಡಿ ಹೇಳಿ, ಊರು ಕೇಳಿ, ಆಮೇಲೆ ಕಳಿಸಿಕೊಡಬೇಕು. ಹಾಗೆ ಅತ್ತು ಕಳಿಸದ ಜೀವಕ್ಕೆ ತಾನು ಸತ್ತದ್ದೇ ತಿಳಿಯುವುದಿಲ್ಲವಂತೆ. ಕುರಿ ರೊಪ್ಪದ ಬೇಲಿ ಸುತ್ತುತ್ತಲೇ ಇರುತ್ತದಂತೆ.

ಈರಕ್ಕ ಕದಿರು ನಿಲ್ಲಿಸಿದಳು. “ಒಂದೊರ್ಷ ಆಯ್ತು ಸ್ವಾಮಿ, ಗಂಟ್ಲಾಗೆ ಇಟ್ಕಂಡು. ಉಂಡಿದ್ದು ಇಳಿಯಾಕಿಲ್ಲ. ನೀವು ಸಭೆ ಮಾಡ್ತೀರಿ ಅಂತೀರಲ್ಲ, ನಾಕು ಜನ ಬತ್ತಾರೆ ಅಂತೀರಲ್ಲ, ಅಲ್ಲಿ ನಂಗೆ ಅಳಾಕೆ ಬಿಡ್ತಾರಾ?”

ದಣಿದಿದ್ದೆ. ಮೂರು ಮೈಲಿ ವಾಪಸು ನಡೆಯುವುದಿತ್ತು. ಸಭೆಗಳಲ್ಲಿ ಯಾರು ಏನು ಕೇಳಿದರೂ ಹೂಂ ಅನ್ನುವ ನಾಲಿಗೆ ನನ್ನದು. ಮೂರು ಮೈಲಿಯಿಂದ ಬಾಯಲ್ಲಿದ್ದ ದನಿ ತಾನಾಗಿಯೇ ಹೊರಬಿತ್ತು. ಎರಡು ಸಲ ಕೆಮ್ಮಿದೆ.

“ಅವಶ್ಯವಾಗಿ. ತಕ್ಕ ವ್ಯವಸ್ಥೆ ಮಾಡಲಾಗುವುದು.”

ಹೊನ್ನಯ್ಯ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದ. ಈರಕ್ಕ ನಗಲಿಲ್ಲ. ಎದ್ದು, ಎರಡೂ ಕೈ ಜೋಡಿಸಿದಳು. ಆಗ ಏನಾದರೂ ಹೇಳಿ ಸರಿಮಾಡಬಹುದಿತ್ತು. ಬಸ್ಸಿನ ಹೊತ್ತಾಗಿತ್ತು.

ಡಿಸೆಂಬರ್ ಏಳು, ಶನಿವಾರ. ಹನ್ನೊಂದಕ್ಕೆ ಸಭೆ. ಒಂಬತ್ತಕ್ಕೇ ನಾನು ಮೈದಾನದಲ್ಲಿ ಮೈಕಿಗೆ “ಹಲೋ, ಒನ್ ಟೂ ತ್ರೀ” ಉಣಿಸುತ್ತಿದ್ದೆ. ಶಾಮಿಯಾನದ ಕೆಳಗೆ ಸನ್ಮಾನಕ್ಕೆ ಬಂದ ಮಾಜಿ ಸೈನಿಕರು ಆರು ಜನ ಆಗಲೇ ಕೂತಿದ್ದರು. ಅವರಲ್ಲಿ ಕಡೂರಿನ ರಂಗಪ್ಪ ನನಗೆ ಹಳಬ. ಬರ್ಮಾದಲ್ಲಿ ಜಪಾನಿನವರ ಎದುರು ಹೋರಾಡಿ, ಮೊಣಕಾಲಿನೊಳಗೆ ಒಂದು ಚೂರು ಕಬ್ಬಿಣ ಇಟ್ಟುಕೊಂಡು ಬಂದವನು. ಈಗ ಸಖರಾಯಪಟ್ಟಣದ ಕಡೆ ಯಾರದೋ ತೆಂಗಿನ ತೋಟ ಕಾಯುತ್ತಿದ್ದ. ಎಲ್ಲಿ ಸನ್ಮಾನ ನಡೆದರೂ ಅವನನ್ನು ಕರೆಯುತ್ತಿದ್ದರು. ಅವನು ಬೆಳಗಿನ ಬಸ್ಸಿಗೆ ಬರುತ್ತಿದ್ದ.

“ಬಂದ್ರಾ ರಂಗಪ್ಪನವರೇ” ಅಂದೆ.

“ಬಂದೆ ಕಣ್ ಮೇಷ್ಟ್ರೇ. ಶಾಲು ಬಂತಾ?”

“ಬಂದಿದೆ.”

“ಅದೇನಾ, ಹಸ್ರು ಅಂಚಿಂದು? ಇದು ನಾಕ್ನೇ ಸಲ ಅದನ್ನ ಹೊದೀತಿರೋದು. ಈಗ ಅದಕ್ಕೂ ನನ್ನ ಗುರ್ತು ಸಿಗ್ತದೆ.”

ಶಾಲುಗಳು ತೀರ್ಥಪ್ಪನವರ ಅಂಗಡಿಯವು. ಮಡಿಕೆ ಮುರಿಯದ ಹಾಗೆ ಹೆಗಲಿಗೆ ಇಡಬೇಕು, ಫೋಟೋ ಆದ ಕೂಡಲೇ ಹಾಗೇ ತೆಗೆದು ಪೆಟ್ಟಿಗೆಗೆ ಹಾಕಬೇಕು. ಸಾಲಾಗಿ ನಿಲ್ಲಿಸಿ ಶಾಲು, ಶಾಲು ತೆಗೆದು ಮತ್ತೆ ಸಾಲು. ನಾನು ಈ ಮಾತನ್ನು ಒಮ್ಮೆ ನಗೆಗಾಗಿ ಹೇಳಿದ್ದೆ. ರಂಗಪ್ಪ ಆಗ ನಕ್ಕಿರಲಿಲ್ಲ. “ಚಳಿಗಾಲ ನೋಡಿ. ಬಸ್ಸಲ್ಲಿ ಹೋಗ್ವಾಗ ಅದು ಇದ್ದಿದ್ರೆ ಚೆನ್ನಾಗಿರೋದು” ಅಂದಿದ್ದ, ಅಷ್ಟೆ.

ಹತ್ತು ಗಂಟೆಗೆ ಎರಡು ಗಾಡಿಗಳು ಮೈದಾನಕ್ಕೆ ಬಂದವು. ಇಳಿದವರು ಹತ್ತೊಂಬತ್ತು ಹೆಂಗಸರು, ಒಬ್ಬ ತಿಮ್ಮರಾಯಪ್ಪ. ಮುಂದೆ ಈರಕ್ಕ, ಕಂಕುಳಲ್ಲಿ ಮಡಿಸಿದ ಕರಿ ಕಂಬಳಿ. ಅವಳ ಬೆನ್ನಿಗೆ ಹಾಲಮ್ಮ ಅಂತ ಒಬ್ಬಳು ಮುದುಕಿ. ಸುತ್ತಲ ಏಳೂರಿಗೆ ಅಳುವುದರಲ್ಲಿ ಅವಳೇ ಮುಂದಾಳು ಅಂತ ಆಮೇಲೆ ತಿಳಿಯಿತು.

“ಎಲ್ಲಿ ಸ್ವಾಮಿ ಜಾಗ?” ಅಂತ ಕೇಳಿದಳು ಈರಕ್ಕ.

“ಯಾವ ಜಾಗ?”

“ಅಳಾಕೆ. ವ್ಯವಸ್ಥೆ ಮಾಡ್ತೀವಿ ಅಂದ್ರಲ್ಲ.”

ತಿಮ್ಮರಾಯಪ್ಪ ಹತ್ತಿರ ಬಂದು ದನಿ ತಗ್ಗಿಸಿದ. “ಮೇಷ್ಟ್ರೇ, ಸರ್ಕಾರನೇ ಅಳಾಕೆ ಕರೆದೈತೆ ಅಂದ್ಮೇಲೆ ಹುಡ್ಗ ಸತ್ತಿದ್ದು ಖರೆ ಅಂತ ಯಜಮಾನ್ರು ಒಪ್ಪಿದ್ರು. ಆದ್ರೆ ಊರೊಳಗಲ್ಲ, ಅಲ್ಲೇ ಮುಗಿಸ್ಕಂಬರ್ರಿ ಅಂದವ್ರೆ. ಇವತ್ತು ಇಲ್ಲಿ ಆಗ್ಲಿಲ್ಲ ಅಂದ್ರೆ ಇನ್ನ ಯಾವತ್ತೂ ಆಗಾಕಿಲ್ಲ. ಅತ್ತಿಗೆ ಹಿಂಗೇ ಒಳಗಿಟ್ಕಂಡು ಸಾಯ್ತಾಳೆ.”

ನಾನು ಅವಸರದಲ್ಲಿ ಅಮಲ್ದಾರರ ಹತ್ತಿರ ಓಡಿದೆ. ಅವರು ವೇದಿಕೆಯ ಹಿಂದೆ ಕುರ್ಚಿಯಲ್ಲಿ ಕೂತು ಭಾಷಣದ ಹಾಳೆಗಳನ್ನು ಜೋಡಿಸುತ್ತಿದ್ದರು. ಒಂಬತ್ತು ಹಾಳೆ. ಪಕ್ಕದಲ್ಲಿ ತೀರ್ಥಪ್ಪನವರು. ನಾನು ವಿಷಯ ಹೇಳಿದೆ. ಮಾತು ಕೊಟ್ಟವರು ಯಾರು ಎನ್ನುವುದನ್ನು ಮಾತ್ರ ನುಂಗಿದೆ.

“ಸನ್ಮಾನದ ಸಭೆ ಕಣ್ರೀ, ಸಾವಿನ ಮನೆ ಅಲ್ಲ” ಅಂದರು ತೀರ್ಥಪ್ಪನವರು. “ಫೋಟೋದವರು ಬಂದಿದ್ದಾರೆ. ಹತ್ತೊಂಬತ್ತು ಜನ ಬಾಯಿ ಬಡ್ಕೊಂಡ್ರೆ ಹೆಂಗಿರುತ್ತೆ? ಆಯಮ್ಮಂಗೂ ಒಂದು ಶಾಲು ಹೊದಿಸೋಣ ಬಿಡಿ.”

ಅಮಲ್ದಾರರು ಎರಡು ಸಲ ಕೆಮ್ಮಿದರು. ಅವರು ಕೆಟ್ಟವರಲ್ಲ, ಬೆಳಿಗ್ಗೆಯಿಂದ ಅದು ಅವರ ಮೂರನೇ ಕೆಲಸ, ಕಣ್ಣಿನ ಕೆಳಗೆ ಕಪ್ಪಿತ್ತು. “ಮೌನ ಇದೆಯಲ್ಲ ಮೂರ್ತಿಗಳೇ. ಅದು ಆ ಹುಡುಗನಿಗೇ ಇಟ್ಟಿರೋದು. ಅದನ್ನ ಸರಿಯಾಗಿ ಮಾಡೋಣ. ಹೋದ ತಿಂಗಳು ಕಡೂರಲ್ಲಿ ಅರ್ಧ ನಿಮಿಷಕ್ಕೇ ಇವರು ಎಲೆ ಅಡಿಕೆ ಬಂತೇನ್ರೀ ಅಂತ ಶುರು ಮಾಡಿದ್ರು.” ತೀರ್ಥಪ್ಪನವರು ಬೇರೆ ಕಡೆ ನೋಡಿದರು. “ಇವತ್ತು ಹಾಗಾಗಬಾರದು. ವಾಚು ನಿಮ್ಮ ಕೈಲಿರಲಿ. ನೀವು ಮೈಕಿನಲ್ಲಿ ಮುಗಿಯಿತು ಅನ್ನೋವರೆಗೂ ಯಾರೂ ಪಿಟ್ ಅನ್ನಕೂಡದು. ನಾನೂ ಅನ್ನಲ್ಲ. ಅಳೋದನ್ನ... ಆಯಮ್ಮನಿಗೆ ನಿಧಾನಕ್ಕೆ ಹೇಳಿ.”

ನಿಧಾನಕ್ಕೆ ಹೇಳಲು ಹೋದೆ. ಹೆಂಗಸರು ಗಾಡಿಯ ನೆರಳಲ್ಲಿ ಕೂತು ಬುತ್ತಿ ಬಿಚ್ಚಿದ್ದರು. ಈರಕ್ಕ ಮುಟ್ಟಿರಲಿಲ್ಲ.

“ಅಮ್ಮ, ಇಲ್ಲಿ ಅಳೋ ಪದ್ಧತಿ ಇಲ್ಲವಂತೆ. ಎಲ್ಲರೂ ಎದ್ದು ಎರಡು ನಿಮಿಷ ಮೌನವಾಗಿ ನಿಲ್ತಾರೆ. ಅದೇ ಗೌರವ.”

“ಮೌನ ಅಂದ್ರೆ?”

“ಏನೂ ಮಾತಾಡದೆ ಸುಮ್ಮನೆ ನಿಲ್ಲೋದು.”

“ಅದನ್ನ ನಾನು ಒಂದೊರ್ಷದಿಂದ ಮಾಡ್ತಿದೀನಲ್ಲಪ್ಪ. ಅದಕ್ಕೆ ಗಾಡಿ ಕಟ್ಟಿಸ್ಕಂಡು ಇಲ್ಲೀಗಂಟ ಬರಬೇಕಾಗಿತ್ತಾ?”

ಹಾಲಮ್ಮ ರೊಟ್ಟಿ ಮುರಿಯುತ್ತ ಗೊಣಗಿದಳು. “ಹೆಣದ ಮುಂದೆ ಬಾಯಿ ಮುಚ್ಕಂಡು ನಿಂತ್ಕಳ್ಳೋದು ಹಗೆಗಳು ಕಣವ್ವ. ಇದ್ಯಾವ ಸೀಮೆ ಮರ್ವಾದೆ?”

ನಾನು ಒಪ್ಪಿಕೊಂಡುಬಿಟ್ಟೆ. “ಅಮ್ಮ, ಅವತ್ತು ನಿಮ್ಮ ಮನೇಲಿ ಹೇಳಿದ್ದು... ಅದು ನನ್ನ ಮಾತಲ್ಲ. ಅಮಲ್ದಾರರ ಹಾಗೆ ಅಂದೆ. ತಮಾಷೆಗೆ. ಜೊತೆಯವನನ್ನ ನಗಿಸೋಕೆ ಹೇಳ್ತಾ ಬಂದಿದ್ದು ಬಾಯಿಗೆ ಬಂದುಬಿಡ್ತು.”

ಅವಳು ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬಯ್ದಿದ್ದರೆ ಹಗುರವಾಗುತ್ತಿತ್ತು.

“ದನಿ ಯಾರ್ದಾದ್ರೂ ಆಗ್ಲಿ ಸ್ವಾಮಿ” ಅಂದಳು. “ಬಾಯಿ ನಿಂದೇ ಅಲ್ವಾ?”

ಸಭೆ ಶುರುವಾಯಿತು. ಸ್ವಾಗತಿಸಿದೆ. ಹೆಸರು ಕೂಗಿದೆ. ಆರು ಜನ ಮಾಜಿ ಸೈನಿಕರು ಬಂದು ನಿಂತರು. ಶಾಲು ಹೊದಿಸಿದರು. ಫೋಟೋ ಆಯಿತು. ಶಾಲು ತೆಗೆದರು. ರಂಗಪ್ಪ ತನ್ನ ಹೆಗಲಿನದನ್ನು ತಾನೇ ಮಡಿಕೆ ಕೆಡದಂತೆ ತೆಗೆದು ತೀರ್ಥಪ್ಪನವರ ಕೈಗೆ ಕೊಟ್ಟ, ಅಭ್ಯಾಸವಾಗಿತ್ತು. “ನಾಡು ನಿಮಗೆ ಚಿರಋಣಿ” ಎಂದು ನಾನು ಆರು ಸಲ ಅಂದೆ. ಆರನೆಯ ಸಲ ಅನ್ನುವಾಗ ನನ್ನ ದನಿ ಯಾರದೋ ಗ್ರಾಮಫೋನಿನಿಂದ ಬಂದ ಹಾಗಿತ್ತು.

ಕಾರ್ಯಕ್ರಮದ ಹಾಳೆಯಲ್ಲಿ ಮುಂದಿನ ಸಾಲು ಮೌನ. ನಾನು ವಾಚು ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡೆ. ಬಿ.ಎ. ಪಾಸಾದಾಗ ಅಪ್ಪ ಕೊಡಿಸಿದ್ದು, ದಿನಕ್ಕೆ ಒಂದು ನಿಮಿಷವೂ ತಪ್ಪುತ್ತಿರಲಿಲ್ಲ.

“ಕಳೆದ ವರ್ಷ ಗಡಿಯಲ್ಲಿ ಪ್ರಾಣ ಕೊಟ್ಟ ನಮ್ಮ ಸಣ್ಣಬೀರಪ್ಪನವರ ನೆನಪಿಗಾಗಿ ಎಲ್ಲರೂ ಎದ್ದು ನಿಲ್ಲಬೇಕು. ನಾನು ಮುಗಿಯಿತು ಎಂದು ಹೇಳುವವರೆಗೆ ಯಾರೂ ಮಾತಾಡಬಾರದು, ಕೂರಬಾರದು, ಕದಲಬಾರದು.” ಒಂದು ಉಸಿರು ತೆಗೆದುಕೊಂಡೆ. ಮುಂದಿನದು ಹಾಳೆಯಲ್ಲಿ ಇರಲಿಲ್ಲ. “ಅವರ ತಾಯಿ ಈರಕ್ಕನವರು ಮುಂದೆ ಬರಬೇಕು.”

ಕುರ್ಚಿಗಳು ಸರಿದವು. ಮುನ್ನೂರು ಜನ ಎದ್ದರು. ಅಮಲ್ದಾರರು ಪೇಟ ಸರಿಪಡಿಸಿಕೊಂಡು ನೆಟ್ಟಗೆ ನಿಂತರು. ಈರಕ್ಕ ಗಾಡಿಯ ನೆರಳಿನಿಂದ ಎದ್ದು ಸಾಲುಗಳ ನಡುವೆ ನಡೆದು ಬಂದು, ವೇದಿಕೆಯ ಕೆಳಗಿನ ಬಯಲಲ್ಲಿ ಕರಿ ಕಂಬಳಿಯನ್ನು ಉದ್ದಕ್ಕೆ ಹಾಸಿದಳು. ಒಬ್ಬ ಆಳು ಮಲಗುವಷ್ಟು ಉದ್ದ. ಸುಕ್ಕು ಸವರಿದಳು. ತಲೆಯ ಕಡೆ ಕೂತಳು. ಹಾಲಮ್ಮ ಮತ್ತು ಮಿಕ್ಕವರು ಸುತ್ತ ಕೂತರು.

ಸೆಕೆಂಡಿನ ಮುಳ್ಳು ಒಂದು ಸುತ್ತು ಹೋಗಿತ್ತು. ಈರಕ್ಕ ಎತ್ತಿದಳು.

“ಎದ್ದು ಬಾರೋ ನನ್ನಪ್ಪಾ... ಕಂಬಳಿ ಬಿಟ್ಟೋದಲ್ಲೋ...
ಸರ್ಕಾರ ಕೊಡ್ತದೆ ಕಣವ್ವಾ ಅಂದಲ್ಲೋ, ಎಂಥದ್ದ ಕೊಟ್ರೋ ನನ್ನಪ್ಪಾ...
ಮರಿ ನಡುಗಿದ್ರೆ ಎದೆಗೆ ಅವುಚ್ಕಂತಿದ್ದಲ್ಲೋ...
ಮಂಜಿನಾಗೆ ನೀ ನಡುಗ್ವಾಗ ಯಾರು ಅವುಚ್ಕಂಡ್ರೋ ನನ್ನಪ್ಪಾ...”

ಮಿಕ್ಕ ಹದಿನೆಂಟು ಗಂಟಲು ಕೊನೆಯ ಸೊಲ್ಲನ್ನು ಹಿಡಿದು ಎಳೆದವು. ಮೈಕು ಬೇಕಾಗಿರಲಿಲ್ಲ.

ತೀರ್ಥಪ್ಪನವರು ನನ್ನ ಕಡೆ ಬಾಗಿ ಬಾಯಿ ತೆರೆದರು. ಅಮಲ್ದಾರರು ಅವರನ್ನು ದುರುಗುಟ್ಟಿ ನೋಡಿದರು. ಬಾಯಿ ಮುಚ್ಚಿತು. ಆಮೇಲೆ ಅಮಲ್ದಾರರು ನನ್ನ ಕಡೆ ಹುಬ್ಬು ಏರಿಸಿದರು: ಆಯಿತೆ? ವಾಚು ನೋಡಿದೆ. ಎರಡು ನಿಮಿಷ ಹತ್ತು ಸೆಕೆಂಡು. ಇಲ್ಲ ಎಂದು ತಲೆ ಅಲ್ಲಾಡಿಸಿದೆ.

ಅವರು ನಂಬಿದರೋ ಇಲ್ಲವೋ ನನಗೆ ಈವರೆಗೂ ಗೊತ್ತಿಲ್ಲ. ಮಾತಾಡುವ ಹಾಗಿರಲಿಲ್ಲ. ಅದು ಅವರೇ ಮಾಡಿದ ಕಟ್ಟಳೆ.

ಈರಕ್ಕನಿಗೆ ಅವಸರವಿರಲಿಲ್ಲ. ಸಣ್ಣಬೀರನನ್ನು ಹೊಲದ ಬದುವಿನಲ್ಲಿ ಹೆತ್ತದ್ದು, ಅವನು ಮೂರು ವರ್ಷ ಮಾತು ಬರದೆ ಕುರಿಗಳ ಹಾಗೆ ಕೂಗುತ್ತಿದ್ದದ್ದು, ದೇವರ ಮುಂದಿನ ಬೆಲ್ಲ ಕದ್ದು ಇರುವೆ ಕಚ್ಚಿಸಿಕೊಂಡದ್ದು, ಎಲ್ಲ ಬಂತು. ಅಪ್ಪನಿಗೆ ತಿಳಿಯದೆ ಟಗರು ಮಾರಿ ಇದೇ ತರೀಕೆರೆಗೆ ಬಂದು ಟೆಂಟಿನಲ್ಲಿ ಮೂರು ದಿನ ಒಂದೇ ಸಿನಿಮಾ ನೋಡಿದ್ದೂ ಬಂತು.

“ಟಗರು ತಿಂದ್ಯೋ ನನ್ನಪ್ಪಾ, ಟೆಂಟಿಗೆ ಹಾಕ್ದ್ಯೋ...
ಸಿಕ್ಕಿದ್ದ ಬೆನ್ನಿಗೆ ಬಾರಿಸ್ದೆ ಕಣೋ, ಈ ಕೈ ಸೇದೋಗ್ಲೋ...”

ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು, ನಕ್ಕವರೇ ಮೂಗು ಒರೆಸಿಕೊಂಡರು. ಒಂದು ವರ್ಷದಿಂದ ನಾನು ಊರೂರಲ್ಲಿ ವೀರ ಯೋಧ, ವೀರ ಯೋಧ ಎಂದು ಕೂಗಿದ್ದೆ. ಆ ವೀರ ಯೋಧ ಟಗರು ಕದಿಯುವವನಾಗಿದ್ದ ಅಂತ ಅವತ್ತೇ ನನಗೆ ತಿಳಿದದ್ದು.

ಆರು ನಿಮಿಷವಾಯಿತು. ಒಂಬತ್ತಾಯಿತು. ಬಿಸಿಲು ಶಾಮಿಯಾನದ ಅಂಚಿನಿಂದ ಒಳಗೆ ಬಂತು. ಹಿಂದಿನ ಸಾಲಿನಲ್ಲಿ ಇಬ್ಬರು ಕೂರಲು ನೋಡಿದರು. ಆಗ ರಂಗಪ್ಪ ಮುಂದೆ ಬಂದ. ಮಾಜಿ ಸೈನಿಕರ ಸಾಲಿನಿಂದ ಎರಡು ಹೆಜ್ಜೆ, ಕುಂಟುತ್ತ. ಕಂಬಳಿಯ ಕಾಲಿನ ಕಡೆ ನಿಂತು, ಆ ಕೆಟ್ಟ ಮೊಣಕಾಲನ್ನು ಒಳ್ಳೆಯದರ ಪಕ್ಕಕ್ಕೆ ಎಳೆದು ಜೋಡಿಸಿ, ಕೈಯನ್ನು ಹಣೆಗೆ ಏರಿಸಿದ. ಇಳಿಸಲಿಲ್ಲ. ಮಿಕ್ಕ ಐವರೂ ನಿಂತಲ್ಲೇ ಕೈ ಏರಿಸಿದರು. ಕೂರಲು ನೋಡಿದವರು ಕೂರಲಿಲ್ಲ.

ಅಮಲ್ದಾರರು ಎರಡು ಸಲ ಕೆಮ್ಮಿದರು. ಕೆಮ್ಮಿನ ಹಿಂದೆ ಬರಬೇಕಾದ ಮಾತು ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರು ಒಂಬತ್ತು ಹಾಳೆಗಳನ್ನು ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡದ್ದನ್ನು ನಾನು ಕಂಡೆ.

ಈರಕ್ಕನ ದನಿ ಇಳಿಯುತ್ತ ಬಂತು. ಈಗ ಅದು ಹಾಡಾಗಿರಲಿಲ್ಲ, ಬಾಗಿಲಲ್ಲಿ ನಿಂತು ಊರಿಗೆ ಹೊರಟವನಿಗೆ ಹೇಳುವ ಮಾತಿನಂತಿತ್ತು. “ಹೋಗಪ್ಪ. ಇಲ್ಲಿ ಬೇಲಿ ಸುತ್ತಬ್ಯಾಡ. ಕುರಿ ನಿಮ್ಮ ಚಿಕ್ಕಪ್ಪ ನೋಡ್ಕಂತಾನೆ. ಹೋಗು. ತಿರುಗಿ ನೋಡಬ್ಯಾಡ. ನಾನು ಅತ್ತಿದೀನಿ, ಜನ ಕೇಳವ್ರೆ.” ಹಾಲಮ್ಮ ಅವಳ ಬೆನ್ನಿನ ಮೇಲೆ ಕೈ ಇಟ್ಟಳು. ಆಗ ನಿಜವಾಗಿ ಮೌನವಾಯಿತು. ಅದನ್ನು ನಾನು ಅಳೆಯಲಿಲ್ಲ.

“ಮುಗಿಯಿತು” ಎಂದೆ ಮೈಕಿನಲ್ಲಿ. ಮಾತು ಒಡೆದು ಬಂತು. ಆ ದನಿ ಯಾರದ್ದೂ ಆಗಿರಲಿಲ್ಲ, ನನ್ನದೇ.

ಜನ ಧೊಪ್ಪನೆ ಕೂತರು. ರಂಗಪ್ಪನಿಗೆ ಕೈ ಇಳಿಸಲು ಬಂತು, ಕಾಲು ಮಡಿಸಲು ಬರಲಿಲ್ಲ. ತಿಮ್ಮರಾಯಪ್ಪ ಓಡಿಬಂದು ತೋಳು ಹಿಡಿದ. ತೀರ್ಥಪ್ಪನವರು ಹಸಿರಂಚಿನ ಶಾಲು ಹಿಡಿದು ವೇದಿಕೆಯಿಂದ ಇಳಿದು ಬಂದರು. ಪಾಪ, ಅವರ ಕಣ್ಣೂ ಒದ್ದೆಯಾಗಿತ್ತು. ಈರಕ್ಕನ ಹೆಗಲಿಗೆ ಇಡಲು ಹೋದರು.

“ಇದ್ಯಾಕೆ ಸ್ವಾಮಿ?” ಅಂದಳು ಅವಳು.

“ಗೌರವಕ್ಕಮ್ಮ.”

“ನಮ್ಮನೇಲೇ ನೇಯ್ತೀವಿ ಕಣ್ರಪ್ಪ” ಎಂದು ಅವರ ಕೈಯನ್ನು ಮೆಲ್ಲಗೆ ಸರಿಸಿದಳು. ಬಗ್ಗಿ ಕಂಬಳಿ ಎತ್ತಿ ಮಣ್ಣು ಕೊಡವಿದಳು. ಸತ್ತವನ ಹೊದಿಕೆಯನ್ನು ವಾಪಸು ಮನೆಗೆ ಒಯ್ಯುವುದಿಲ್ಲ, ಯಾರಿಗಾದರೂ ಕೊಟ್ಟು ಹೋಗಬೇಕು. ಅವಳು ಸುತ್ತ ನೋಡಿದಳು. ಆಮೇಲೆ ರಂಗಪ್ಪನ ಹತ್ತಿರ ಹೋಗಿ ಅವನಿಗೆ ಹೊದಿಸಿದಳು. ಮಡಿಕೆ ಬಿಚ್ಚಿ, ಎರಡು ಕಡೆಯಿಂದ ಎಳೆದು, ಎದೆಯ ಮೇಲೆ ಒಂದರ ಮೇಲೊಂದು ಬರುವ ಹಾಗೆ.

ರಂಗಪ್ಪ ಬಿಡಿಸಿಕೊಳ್ಳಲು ನೋಡಿದ. “ಬ್ಯಾಡ ಕಣವ್ವ. ನಾನು ಬದುಕಿ ಬಂದೋನು.”

“ಅದ್ಕೇ ಕಣಪ್ಪ” ಅಂದಳು ಈರಕ್ಕ.

ಅಮಲ್ದಾರರು ವೇದಿಕೆಯ ತುದಿಯಲ್ಲಿ ನನ್ನನ್ನು ಕರೆದರು. ನಾನು ಏನು ಬೇಕಾದರೂ ಬರಲಿ ಎಂದು ಹೋಗಿ ನಿಂತೆ. ಅವರು ನನ್ನ ಅಂಗೈಯಲ್ಲಿದ್ದ ವಾಚನ್ನು ನೋಡಿದರು, ಆಮೇಲೆ ಮೈದಾನವನ್ನು.

“ಎಷ್ಟಾಯ್ತು ಮೂರ್ತಿಗಳೇ?”

“ಎರಡು ನಿಮಿಷ ಸಾರ್.”

“ಹೂಂ.” ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. “ವರದಿಯಲ್ಲಿ ಹಾಗೇ ಬರೀರಿ. ನನ್ನ ಭಾಷಣ ಬೇಡ. ಇವತ್ತು ಯಾರಿಗೂ ಶಕ್ತಿ ಇಲ್ಲ. ವಂದನಾರ್ಪಣೆ ಮಾಡಿ ಮುಗಿಸಿ.”

ಮೈಕಿನ ಮುಂದೆ ಹೋಗಿ ನಿಂತೆ. ವಂದನಾರ್ಪಣೆ ನನಗೆ ನಿದ್ದೆಯಲ್ಲೂ ಬರುತ್ತಿತ್ತು. ಬಾಯಿ ತೆರೆದೆ. ಏನೂ ಬರಲಿಲ್ಲ. ಕೈ ಮುಗಿದೆ. ಜನ ಅದನ್ನೇ ವಂದನಾರ್ಪಣೆ ಎಂದು ತಿಳಿದು ಎದ್ದು ಹೊರಟರು.

ಗಾಡಿಗಳು ಹೊರಡುವ ಮುಂಚೆ ಹಾಲಮ್ಮ ಈರಕ್ಕನ ಕೈಗೆ ಒಂದು ರೊಟ್ಟಿ ಇಟ್ಟದ್ದು, ಅವಳು ಅದನ್ನು ಮುರಿದು ಬಾಯಿಗೆ ಹಾಕಿಕೊಂಡದ್ದು ದೂರದಿಂದ ಕಂಡಿತು. ಇನ್ನೊಂದು ತುಂಡು ಮುರಿದಳು. ಅಲ್ಲಿಗೆ ಗಾಡಿ ತಿರುಗಿತು.

ನಾನು ರಂಗಪ್ಪನನ್ನು ಬಸ್ಸಿಗೆ ಹತ್ತಿಸಲು ನಿಲ್ದಾಣಕ್ಕೆ ಹೋದೆ. ಒಬ್ಬನೇ ನಡೆಯುವ ಹಾಗೆ ಅವನಿರಲಿಲ್ಲ. ಹಿಂದೆ ಹೊನ್ನಯ್ಯ ಅವನ ಚೀಲ ಹಿಡಿದು ಬಂದ. ಕಡೂರಿನ ಬಸ್ಸು ಎಂದಿನಂತೆ ತಡ. ಮೂವರೂ ಕಲ್ಲು ಬೆಂಚಿನ ಮೇಲೆ ಕೂತೆವು. ಸುಮ್ಮನೆ ಕೂತು ಸಾಕಾಗಿ ಹೊನ್ನಯ್ಯ ಮೆಲ್ಲಗೆ ಅಂದ, “ಸಾ, ಒಂದ್ಸಲ ಅಮಲ್ದಾರ್ರು ಮಾಡಿ ಸಾ.”

“ಗಂಟಲು ನೋವು ಕಣೋ” ಅಂದೆ.

ರಂಗಪ್ಪ ಮೊಣಕಾಲು ತಿಕ್ಕುತ್ತಿದ್ದ. ಕಂಬಳಿಯಿಂದ ಹುಣಸೆ ಗಂಜಿಯ ವಾಸನೆ ಬರುತ್ತಿತ್ತು. “ಮೇಷ್ಟ್ರೇ” ಅಂದ, “ಬರ್ಮಾದಾಗೆ ನಮ್ಮ ಕಡೆಯೋರು ನಾಕು ಜನ ಹೋದ್ರು. ಎಲ್ಲೆಲ್ಲಿ ಮಣ್ಣಾದ್ರೋ. ಅವ್ರನ್ನ ಯಾರಾದ್ರೂ ಅತ್ತಿದಾರೋ ಇಲ್ವೋ ನಾನು ಯಾವತ್ತೂ ಕೇಳ್ಲಿಲ್ಲ ನೋಡಿ.”

“ಅವರ ಊರು ಯಾವುವು, ಗೊತ್ತಾ?”

“ಗೊತ್ತಿಲ್ದೆ ಏನು. ಒಬ್ಬ ಲಿಂಗದಹಳ್ಳಿ ಕಡೆಯೋನು.”

ಬಸ್ಸು ಬಂತು. ಹೊನ್ನಯ್ಯ, ನಾನು ಇಬ್ಬರೂ ಸೇರಿ ಅವನನ್ನು ಮೇಲಕ್ಕೆ ಎತ್ತಿದೆವು. ಕಿಟಕಿಯ ಪಕ್ಕ ಕೂತು ಕಂಬಳಿಯನ್ನು ಕತ್ತಿನವರೆಗೆ ಎಳೆದುಕೊಂಡ. ನಾನು ಜೇಬಿನಿಂದ ಕಾರ್ಯಕ್ರಮದ ಹಾಳೆ ತೆಗೆದು, ಅದರ ಹಿಂದೆ ಬರೆದುಕೊಳ್ಳಲು ಪೆನ್ನಿನ ಮುಚ್ಚಳ ಬಿಚ್ಚಿದೆ.

“ಹೆಸರು ಹೇಳಿ ರಂಗಪ್ಪನವರೇ. ನಾಲ್ಕೂ.”